ಟಿವಿ, ಫ್ರಿಜ್ ಸುಡುವುದು ಕರೆಂಟ್ ಹೋದಾಗಲ್ಲ, ಬಂದಾಗ! ಮನೆಯ ಉಪಕರಣಗಳನ್ನು ಕಾಪಾಡುವುದು ಹೇಗೆ?

ಕರೆಂಟ್ ಹೋದ ಕೂಡಲೇ ಎಲ್ಲರೂ ಹುಡುಕುವುದು ಟಾರ್ಚ್ ಅಥವಾ ಮೊಬೈಲ್. ಸ್ವಿಚ್ ಬೋರ್ಡಿನ ಕಡೆ ಕೈ ಹೋಗುವುದು ಅಪರೂಪ. ಫ್ರಿಜ್, ಟಿವಿ, ಎಸಿ, ವೈಫೈ ರೂಟರ್ ಎಲ್ಲವೂ ಆನ್ ಆಗಿಯೇ ಕತ್ತಲಲ್ಲಿ ಕಾಯುತ್ತಿರುತ್ತವೆ. ಕರೆಂಟ್ ಹೋಗಿ ಟಿವಿ ಕೆಟ್ಟಿತು ಎಂದು ಜನ ಹೇಳುತ್ತಾರೆ. ಆದರೆ ವಿದ್ಯುತ್ ಇಲ್ಲದ ಹೊತ್ತಿನಲ್ಲಿ ಉಪಕರಣಕ್ಕೆ ಏನೂ ಆಗುವುದಿಲ್ಲ. ಏಟು ಬೀಳುವುದು ಬಹುಪಾಲು ವಿದ್ಯುತ್ ಮರಳುವ ಮೊದಲ ಕೆಲವು ನಿಮಿಷಗಳಲ್ಲಿ, ಇಲ್ಲವೇ ಲೈನ್ ಪೂರ್ತಿ ಹೋಗದೆ ಅರ್ಧಂಬರ್ಧ ಉಳಿದುಕೊಂಡಾಗ.

ಸುದ್ದಿಯಾಗುವುದು ದೊಡ್ಡ ಕತ್ತಲೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿಯಿತು, ಎರಡನೇ ದಿನ ಪೂರ್ವ ಮತ್ತು ಈಶಾನ್ಯ ಗ್ರಿಡ್‌ಗಳೂ ಜೊತೆಗೆ ಬಿದ್ದವು. 2020ರ ಅಕ್ಟೋಬರ್ 12ರ ಬೆಳಗ್ಗೆ ಮುಂಬೈಯ ಬಹುಭಾಗದಲ್ಲಿ ವಿದ್ಯುತ್ ಹೋಗಿ ಲೋಕಲ್ ರೈಲುಗಳೇ ನಿಂತವು. 2016ರ ಡಿಸೆಂಬರ್ 12ರಂದು ವರ್ಧಾ ಚಂಡಮಾರುತ ಬಂದು ಹೋದ ಮೇಲೆ ಚೆನ್ನೈಯ ಎಷ್ಟೋ ಬಡಾವಣೆಗಳು ದಿನಗಟ್ಟಲೆ ಕತ್ತಲಲ್ಲಿದ್ದವು. ಆದರೆ ಮನೆಯ ಫ್ರಿಜ್ಜಿನ ಮಟ್ಟಿಗೆ ಇಂಥ ದೊಡ್ಡ ಕುಸಿತಕ್ಕಿಂತ ಹೆಚ್ಚು ಅಪಾಯ ಬೀದಿಯ ಟ್ರಾನ್ಸ್‌ಫಾರ್ಮರ್‌ನಿಂದ ಮೀಟರ್ ಬೋರ್ಡಿನವರೆಗಿನ ಕೆಲವೇ ನೂರು ಮೀಟರ್ ದೂರದಲ್ಲಿರುತ್ತದೆ. ಅಲ್ಲಿ ಒಂದು ಜಾಯಿಂಟ್ ಸಡಿಲವಾದರೆ ಅದು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಇಡೀ ಕಟ್ಟಡದ ಟಿವಿಗಳು ಮಾತ್ರ ಒಂದೇ ಸಂಜೆ ರಿಪೇರಿ ಅಂಗಡಿ ಸೇರುತ್ತವೆ.

ಬಂತು, ಹೋಯಿತು, ಮತ್ತೆ ಬಂತು

ಭಾರತದಲ್ಲಿ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್ ವಿದ್ಯುತ್. ಒಂದು ಗಂಟೆ ಕಡಿತದ ನಂತರ ಲೈನ್ ಚಾರ್ಜ್ ಮಾಡಿದಾಗ ಆ ಟ್ರಾನ್ಸ್‌ಫಾರ್ಮರ್ ಕೆಳಗಿನ ಎಲ್ಲ ಮನೆಗಳ ಫ್ರಿಜ್, ಎಸಿ, ನೀರಿನ ಪಂಪುಗಳು ಒಟ್ಟಿಗೇ ಶುರುವಾಗಲು ನೋಡುತ್ತವೆ. ಮೋಟಾರು ಓಡುವಾಗ ಎಳೆಯುವ ಕರೆಂಟಿಗಿಂತ ಹೊರಡುವ ಕ್ಷಣದಲ್ಲಿ ಎಳೆಯುವುದು ಹಲವು ಪಟ್ಟು ಹೆಚ್ಚು. ಹಾಗಾಗಿ ವೋಲ್ಟೇಜ್ ಒಮ್ಮೆಲೇ ಕುಗ್ಗುತ್ತದೆ. ಕೆಲವು ಮೋಟಾರುಗಳು ವೇಗ ಹಿಡಿದು, ಕೆಲವು ಟ್ರಿಪ್ ಆಗಿ ಹೊರೆ ಇಳಿದಾಗ ಮತ್ತೆ ಏರುತ್ತದೆ. ಕೊಂಬೆಯೋ ಇನ್ನೇನೋ ತಂತಿಗೆ ತಾಗುತ್ತಲೇ ಇದ್ದರೆ ಲೈನ್ ಚಾರ್ಜ್ ಆದ ಕೂಡಲೇ ಮತ್ತೆ ಟ್ರಿಪ್ ಆಗುತ್ತದೆ. ಮಳೆಗಾಲದ ಸಂಜೆ ಕರೆಂಟ್ ಎರಡು ಮೂರು ಸಲ ಬಂದು ಹೋಗುವುದಕ್ಕೆ ಸಾಮಾನ್ಯ ಕಾರಣ ಇದು.

2020ರ ಏಪ್ರಿಲ್ 5ರ ರಾತ್ರಿ 9 ಗಂಟೆಗೆ ದೇಶವಿಡೀ 9 ನಿಮಿಷ ದೀಪ ಆರಿಸಿದ್ದು ನೆನಪಿರಬಹುದು. ಆಗ ಸರ್ಕಾರ ಮತ್ತೆ ಮತ್ತೆ ಹೇಳಿದ್ದು ದೀಪ ಮಾತ್ರ ಆರಿಸಿ, ಫ್ಯಾನ್, ಫ್ರಿಜ್, ಎಸಿ ಆರಿಸಬೇಡಿ ಎಂದು. ಬರೀ ದೀಪ ಆರಿಸಿದ್ದಕ್ಕೇ ಬೇಡಿಕೆ 31,000 ಮೆಗಾವ್ಯಾಟ್‌ನಷ್ಟು ಇಳಿದು, ಮತ್ತೆ ಏರಿತು. ಮೊದಲೇ ಸಿದ್ಧತೆ ಮಾಡಿಕೊಂಡಿದ್ದರಿಂದ ಗ್ರಿಡ್ ತಡೆದುಕೊಂಡಿತು. ಬೀದಿಯ ಟ್ರಾನ್ಸ್‌ಫಾರ್ಮರ್‌ಗೆ ಅಂಥ ಸಿದ್ಧತೆ ಮಾಡಿಕೊಡುವವರು ಯಾರೂ ಇಲ್ಲ.

ಈ ಏರಿಳಿತದಲ್ಲಿ ಮೊದಲು ನಲುಗುವುದು ಕಂಪ್ರೆಸರ್. ಫ್ರಿಜ್ ಅಥವಾ ಎಸಿ ಓಡುತ್ತಿದ್ದಾಗ ಕರೆಂಟ್ ಹೋದರೆ ಒಳಗಿನ ಗ್ಯಾಸ್ ಒಂದು ಬದಿಯಲ್ಲಿ ಹೆಚ್ಚಿನ ಒತ್ತಡದಲ್ಲೇ ಉಳಿದಿರುತ್ತದೆ. ಅದು ಸಮವಾಗಲು ಮೂರರಿಂದ ಐದು ನಿಮಿಷ ಬೇಕು. ಅಷ್ಟರೊಳಗೆ ಕರೆಂಟ್ ಬಂದರೆ ಮೋಟಾರು ಒತ್ತಡದ ಎದುರು ತಿರುಗಲಾರದೆ ಗುಂಯ್‌ಗುಡುತ್ತದೆ, ಭಾರಿ ಕರೆಂಟ್ ಎಳೆಯುತ್ತದೆ, ಬಿಸಿಯಾಗಿ ಟಕ್ ಎಂದು ಒಳಗಿನ ಓವರ್‌ಲೋಡ್ ಕಡಿದುಕೊಳ್ಳುತ್ತದೆ. ಒಂದೆರಡು ಸಲ ನಡೆದರೆ ತೊಂದರೆಯಿಲ್ಲ. ವರ್ಷಗಟ್ಟಲೆ ಹೀಗೇ ಆದರೆ ವೈಂಡಿಂಗ್ ಸುಡುತ್ತದೆ.

ಆದ್ದರಿಂದ ಕರೆಂಟ್ ಹೋದ ಕೂಡಲೇ ಫ್ರಿಜ್, ಎಸಿ, ವಾಷಿಂಗ್ ಮಷಿನ್, ಟಿವಿ ಸ್ವಿಚ್‌ಗಳನ್ನು ಗೋಡೆಯಲ್ಲೇ ಆಫ್ ಮಾಡಬೇಕು. ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು, ಸ್ಟ್ಯಾಂಡ್‌ಬೈಯಲ್ಲಿರುವ ಟಿವಿ ಲೈನಿಗೆ ಸೇರಿಕೊಂಡೇ ಇರುತ್ತದೆ. ಕರೆಂಟ್ ಬಂತೆಂದು ತಿಳಿಯಲು ಒಂದು ಬಲ್ಬ್ ಆನ್ ಇರಲಿ. ಅದು ಮಿಣುಕದೆ ಐದು ನಿಮಿಷ ಉರಿದರೆ ಫ್ಯಾನ್, ಆಮೇಲೆ ಫ್ರಿಜ್, ಎಲ್ಲಕ್ಕಿಂತ ಕೊನೆಗೆ ಎಸಿ. ಗೀಸರ್, ಇಸ್ತ್ರಿ ಪೆಟ್ಟಿಗೆಯ ಬಗ್ಗೆ ಅಷ್ಟು ಚಿಂತೆ ಬೇಡ. ಕಡಿಮೆ ವೋಲ್ಟೇಜಿನಲ್ಲಿ ಅವು ನಿಧಾನವಾಗಿ ಬಿಸಿಯಾಗುತ್ತವೆ, ಅಷ್ಟೇ.

ನ್ಯೂಟ್ರಲ್ ಕಡಿದರೆ 230 ಅಲ್ಲ, 360

ಮೇಲಿನದೆಲ್ಲ ನಿಧಾನದ ಸವೆತ. ಒಂದೇ ನಿಮಿಷದಲ್ಲಿ ಮನೆಯ ಎಲೆಕ್ಟ್ರಾನಿಕ್ಸ್ ಎಲ್ಲವನ್ನೂ ಬಲಿ ತೆಗೆದುಕೊಳ್ಳುವುದು ಬೇರೆಯೇ ದೋಷ. ಅದರ ಹೆಸರು ಲೈನ್‌ಮನ್‌ಗಳಿಗೆಲ್ಲ ಗೊತ್ತು, ಗ್ರಾಹಕರಲ್ಲಿ ಕೇಳಿದವರು ಕಡಿಮೆ: ನ್ಯೂಟ್ರಲ್ ಕಟ್.

ಬೀದಿಯ ಟ್ರಾನ್ಸ್‌ಫಾರ್ಮರ್‌ನಿಂದ ಮೂರು ಫೇಸ್ ಮತ್ತು ಒಂದು ನ್ಯೂಟ್ರಲ್ ತಂತಿ ಹೊರಡುತ್ತವೆ. ಯಾವುದೇ ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್, ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ಕಟ್ಟಡದ ಮನೆಗಳನ್ನು ಮೂರೂ ಫೇಸ್‌ಗಳಿಗೆ ಹಂಚಿರುತ್ತಾರೆ, ನ್ಯೂಟ್ರಲ್ ಮಾತ್ರ ಎಲ್ಲರಿಗೂ ಒಂದೇ. ಬಿರುಗಾಳಿಗೆ ಆ ತಂತಿ ತುಂಡಾದರೆ ಅಥವಾ ಮೀಟರ್ ರೂಮಿನಲ್ಲಿ ಅದರ ಜಾಯಿಂಟ್ ಸುಟ್ಟುಹೋದರೆ, ಬೇರೆ ಬೇರೆ ಫೇಸ್‌ನ ಮನೆಗಳು ಒಂದರ ಹಿಂದೊಂದು ಸರಪಳಿಯಂತೆ ಸೇರಿಕೊಂಡು 400 ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ.

ಹಂಚಿಕೆ ಸಮನಾಗಿ ಆಗುವುದಿಲ್ಲ. ಒಂದು ಲೆಕ್ಕ ನೋಡಿ. ಪಕ್ಕದ ಮನೆಯಲ್ಲಿ 2,000 ವ್ಯಾಟ್ ಗೀಸರ್ ಆನ್ ಇದೆ, ನಿಮ್ಮಲ್ಲಿ ಟಿವಿ, ಎರಡು ಬಲ್ಬ್, ರೂಟರ್ ಸೇರಿ 200 ವ್ಯಾಟ್. ಎರಡೂ ಬೇರೆ ಫೇಸ್‌ನಲ್ಲಿವೆ. ನ್ಯೂಟ್ರಲ್ ಹೋದ ಕ್ಷಣ ಗೀಸರಿಗೆ ಸಿಗುವುದು 40 ವೋಲ್ಟಿಗಿಂತ ಕಡಿಮೆ, ನಿಮ್ಮ ಟಿವಿಗೆ ಬೀಳುವುದು ಸುಮಾರು 360 ವೋಲ್ಟ್. ಕಡಿಮೆ ಬಳಸುವವರಿಗೇ ಹೆಚ್ಚಿನ ಏಟು! ಗಾಬರಿಯಲ್ಲಿ ಒಂದೊಂದೇ ಸ್ವಿಚ್ ಆಫ್ ಮಾಡುತ್ತ ಹೋದರೆ ಉಳಿದ ಉಪಕರಣಕ್ಕೆ ವೋಲ್ಟೇಜ್ ಇನ್ನೂ ಏರುತ್ತದೆ.

ಟಿವಿ, ಲ್ಯಾಪ್‌ಟಾಪ್ ಚಾರ್ಜರ್, ಎಲ್‌ಇಡಿ ಬಲ್ಬ್‌ಗಳ ಒಳಗೆ ಬರುವ ವಿದ್ಯುತ್ತನ್ನು ಮೊದಲು ಡಿಸಿ ಮಾಡುತ್ತಾರೆ. 230 ವೋಲ್ಟ್ ಎಸಿ ಅಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ. ಅದನ್ನು ಹಿಡಿದಿಡುವ ಕೆಪಾಸಿಟರ್ ಸಾಮಾನ್ಯವಾಗಿ 400 ಅಥವಾ 450 ವೋಲ್ಟಿನದು. 360 ವೋಲ್ಟ್ ಎಸಿ ಬಂದರೆ ಒಳಗೆ 500 ದಾಟುತ್ತದೆ. ಕೆಪಾಸಿಟರ್ ಉಬ್ಬಿ ಸಿಡಿಯುವುದು ಆಗಲೇ. ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುವುದರಿಂದ ಕಡಿಮೆ ವೋಲ್ಟೇಜಿಗೆ ಅದು ಹೆದರುವುದಿಲ್ಲ. ಮೇಲಿನ ಮಿತಿಗೆ ಅಂಥ ಉದಾರತೆ ಇಲ್ಲ.

ಈ ದೋಷ ಗುರುತಿಸುವುದು ಸುಲಭ. ಬಲ್ಬ್‌ಗಳು ಎಂದೂ ಇಲ್ಲದಷ್ಟು ಪ್ರಖರವಾಗುತ್ತವೆ, ಫ್ಯಾನ್ ಹುಚ್ಚೆದ್ದು ತಿರುಗುತ್ತದೆ. ಎದುರು ಮನೆಯಲ್ಲಿ ಅದೇ ಹೊತ್ತಿಗೆ ದೀಪ ಕೆಂಪಗೆ ಮಂಕಾಗಿರುತ್ತದೆ. ಇದನ್ನು ಕಂಡ ತಕ್ಷಣ ಮಾಡಬೇಕಾದ್ದು ಒಂದೇ: ಮೇನ್ ಸ್ವಿಚ್ ಆಫ್. ಪ್ಲಗ್ ಹುಡುಕುತ್ತ ಕೂರಬಾರದು. ಆಮೇಲೆ ಅಕ್ಕಪಕ್ಕದವರಿಗೆ, ವಾಚ್‌ಮನ್‌ಗೆ ತಿಳಿಸಿ ವಿದ್ಯುತ್ ಕಂಪನಿಗೆ ಕರೆ ಮಾಡಿ. ಮೀಟರ್ ರೂಮಿನ ತಂತಿ ಮುಟ್ಟುವುದು ಲೈನ್‌ಮನ್ ಕೆಲಸ, ಸೊಸೈಟಿ ಸೆಕ್ರೆಟರಿಯದಲ್ಲ.

ಅಂಗಡಿಯವರು ಕೊಡುವುದು ಒಂದು, ಬೇಕಾದ್ದು ಇನ್ನೊಂದು

ಹೆಚ್ಚಿನ ಮನೆಗಳಲ್ಲಿ ರಕ್ಷಣೆಗೆಂದು ಏನೋ ಒಂದು ಇದ್ದೇ ಇರುತ್ತದೆ. ಆದರೆ ಅದು ಯಾವ ದೋಷಕ್ಕೆ ಮಾಡಿದ್ದು ಎಂದು ಕೇಳಿದವರು ಕಡಿಮೆ.

ಎಂಸಿಬಿ ಇದೆಯಲ್ಲ ಎನ್ನುವವರು ಬಹಳ. ಎಂಸಿಬಿ ನೋಡುವುದು ಕರೆಂಟ್ ಮಿತಿ ಮೀರಿತೇ, ಶಾರ್ಟ್ ಆಯಿತೇ ಎಂಬುದನ್ನು. ವೋಲ್ಟೇಜ್ 360 ಆದರೂ ಅದು ಸುಮ್ಮನೆ ಕೂತಿರುತ್ತದೆ, ಉಪಕರಣ ಸುಟ್ಟು ಶಾರ್ಟ್ ಆದ ಮೇಲೆ ಬೀಳುತ್ತದೆ. 30 ಮಿಲಿಆಂಪ್‌ನ ಆರ್‌ಸಿಸಿಬಿ ಇರುವುದು ಮನುಷ್ಯರಿಗೆ ಶಾಕ್ ಹೊಡೆಯದಂತೆ ಕಾಯಲು. ಅದು ಪ್ರತಿ ಮನೆಯಲ್ಲೂ ಇರಲೇಬೇಕು, ಆದರೆ ಟಿವಿ ಕಾಯುವುದು ಅದರ ಕೆಲಸವಲ್ಲ.

ಸ್ಟೆಬಿಲೈಜರ್ ನಿಧಾನದ ಏರಿಳಿತಕ್ಕೆ ಒಳ್ಳೆಯ ಮದ್ದು. ಒಳಗಿನ ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಬದಲಿಸುತ್ತ ವೋಲ್ಟೇಜ್ ಸರಿಪಡಿಸುತ್ತದೆ, ಆ ಟಿಕ್ ಟಿಕ್ ಸದ್ದು ರಿಲೇಯದು. ಕೊಳ್ಳುವಾಗ ಬಾಕ್ಸ್ ಮೇಲೆ ಎರಡು ಸಂಗತಿ ನೋಡಿ: ಅದು ಸಂಭಾಳಿಸುವ ವ್ಯಾಪ್ತಿ ಎಷ್ಟರಿಂದ ಎಷ್ಟು, ಮಿತಿ ಮೀರಿದರೆ ಪೂರ್ತಿ ಕಡಿಯುವ ಹೈ ಕಟ್-ಆಫ್ ಇದೆಯೇ. ಕರೆಂಟ್ ಬಂದ ಮೇಲೆ ಮೂರು ನಿಮಿಷ ತಡೆದು ಕೊಡುವ ಟೈಮ್ ಡಿಲೇ ಇದ್ದರೆ ಕಂಪ್ರೆಸರಿಗೆ ಅದೇ ದೊಡ್ಡ ಉಪಕಾರ. ಇನ್ವರ್ಟರ್ ಎಸಿಗೆ ಸ್ಟೆಬಿಲೈಜರ್ ಬೇಡ ಎನ್ನುವ ಜಾಹೀರಾತು ಸುಳ್ಳಲ್ಲ. ಆದರೆ ಆ ಮಾತು ಕಂಪನಿ ನಮೂದಿಸಿದ ವೋಲ್ಟೇಜ್ ವ್ಯಾಪ್ತಿಯೊಳಗೆ ಮಾತ್ರ. ಅದು ಮಾಹಿತಿ ಪುಸ್ತಕದ ಸಣ್ಣ ಅಕ್ಷರದಲ್ಲಿರುತ್ತದೆ. ಇಂಥ ಎಸಿಯ ಪಿಸಿಬಿ ಸುಟ್ಟರೆ ಬಿಲ್ ಸಣ್ಣದಲ್ಲ, ವೋಲ್ಟೇಜ್‌ನಿಂದಾದ ಹಾನಿಗೆ ಸಾಮಾನ್ಯವಾಗಿ ವಾರಂಟಿಯೂ ಇಲ್ಲ.

ಸ್ಪೈಕ್ ಗಾರ್ಡ್ ಹೆಸರಿನಲ್ಲಿ ಮಾರಾಟವಾಗುವುದರಲ್ಲಿ ಎಷ್ಟೋ ಬರೀ ಎಕ್ಸ್‌ಟೆನ್ಷನ್ ಬೋರ್ಡುಗಳು, ನಾಲ್ಕು ಸಾಕೆಟ್, ಒಂದು ಫ್ಯೂಸ್, ಒಂದು ಕೆಂಪು ದೀಪ. ನಿಜವಾದ ಸ್ಪೈಕ್ ಗಾರ್ಡ್‌ನ ಒಳಗೆ ಎಂಒವಿ ಎಂಬ ಬಿಲ್ಲೆ ಇರುತ್ತದೆ. ಸಿಡಿಲಿನಿಂದಲೋ ಲೈನ್ ಸ್ವಿಚ್ಚಿಂಗ್‌ನಿಂದಲೋ ಬರುವ, ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ಕಾಲದ ಏಟನ್ನು ಅದು ನುಂಗುತ್ತದೆ. ಎಷ್ಟು ನುಂಗಬಲ್ಲದು ಎಂಬುದನ್ನು ಜೂಲ್‌ನಲ್ಲಿ ಬರೆದಿರುತ್ತಾರೆ. ಆ ಅಂಕಿಯೇ ಇಲ್ಲದ ಬೋರ್ಡನ್ನು ಸ್ಪೈಕ್ ಗಾರ್ಡ್ ಎಂದು ನಂಬದಿರುವುದು ಒಳ್ಳೆಯದು. ಪ್ರತಿ ಏಟಿಗೂ ಎಂಒವಿ ಸವೆಯುತ್ತದೆ, ಒಂದು ದಿನ ಸದ್ದಿಲ್ಲದೆ ಸಾಯುತ್ತದೆ. ಅದರ ಮೇಲೂ ಬೋರ್ಡು ಎಂದಿನಂತೆ ಕರೆಂಟ್ ಕೊಡುತ್ತಲೇ ಇರುತ್ತದೆ. ನ್ಯೂಟ್ರಲ್ ಕಟ್ ಆದಾಗ ನಿಮಿಷಗಟ್ಟಲೆ ಬರುವ ಹೆಚ್ಚು ವೋಲ್ಟೇಜನ್ನಂತೂ ಎಂಒವಿ ತಾಳಲಾರದು, ತಾನೇ ಕಾದು ಹೊಗೆಯಾಡಬಹುದು.

ನ್ಯೂಟ್ರಲ್ ದೋಷಕ್ಕೆ ಮನೆಯ ಮಟ್ಟದಲ್ಲಿ ಇರುವ ಸರಿಯಾದ ಉತ್ತರ, ಡಿಬಿ ಬಾಕ್ಸಿನಲ್ಲಿ ಎಂಸಿಬಿ ಪಕ್ಕದಲ್ಲೇ ಕೂರುವ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್. ವೋಲ್ಟೇಜ್ ನಾವು ಹೊಂದಿಸಿದ ಮಿತಿ, ಉದಾಹರಣೆಗೆ ಮೇಲೆ 265, ಕೆಳಗೆ 175, ದಾಟಿದ ಕ್ಷಣಾರ್ಧದಲ್ಲಿ ಅದು ಇಡೀ ಮನೆಯನ್ನು ಲೈನಿನಿಂದ ಬೇರ್ಪಡಿಸುತ್ತದೆ. ವೋಲ್ಟೇಜ್ ಸರಿಯಾದ ಮೇಲೆ ಹೊಂದಿಸಿದಷ್ಟು ಹೊತ್ತು ಕಾದು ತಾನೇ ಸೇರಿಸುತ್ತದೆ. ಆ ಕಾಯುವ ಅವಧಿಯನ್ನು ಮೂರು ನಿಮಿಷಕ್ಕಿಟ್ಟರೆ ಫ್ರಿಜ್ಜಿನ ಚಿಂತೆಯೂ ಮುಗಿಯಿತು. 40 ಅಥವಾ 63 ಆಂಪ್‌ನವು ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತವೆ. ಒಂದು ಎಸಿ ಸ್ಟೆಬಿಲೈಜರಿಗೆ ಖರ್ಚು ಮಾಡುವ ಮೊದಲು ಇದರತ್ತ ನೋಡುವುದು ಜಾಣತನ. ಸಿಡಿಲು ಜಾಸ್ತಿ ಇರುವ ಕಡೆ ಅದೇ ಡಿಬಿಯಲ್ಲಿ ಟೈಪ್ 2 ಎಸ್‌ಪಿಡಿಯನ್ನೂ ಹಾಕಿಸಬಹುದು. ಎರಡನ್ನೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಕೂರಿಸಬೇಕು.

ಎಸ್‌ಪಿಡಿ, ಸ್ಪೈಕ್ ಗಾರ್ಡ್ ಎರಡಕ್ಕೂ ಅರ್ಥಿಂಗ್ ಬೇಕು. ಹಳೆಯ ಚಾಳ್‌ಗಳಲ್ಲಿ, ನಲವತ್ತು ವರ್ಷದ ಕಟ್ಟಡಗಳಲ್ಲಿ ಮೂರನೇ ತೂತು ಸಾಕೆಟ್ಟಿನ ಅಲಂಕಾರಕ್ಕೆ ಮಾತ್ರ ಇರುವುದುಂಟು. ಮೂರು ಪಿನ್ನನ್ನು ಎರಡು ಪಿನ್ ಮಾಡುವ ಅಡಾಪ್ಟರ್ ಹಾಕಿದರಂತೂ ದುಬಾರಿ ಸ್ಪೈಕ್ ಗಾರ್ಡ್‌ನ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಇನ್ವರ್ಟರ್ ಇದ್ದ ಮಾತ್ರಕ್ಕೆ

ಮನೆಗೆ ಇನ್ವರ್ಟರ್ ಹಾಕಿಸಿದವರು ವೋಲ್ಟೇಜ್ ಸಮಸ್ಯೆಯೂ ತೀರಿತು ಎಂದುಕೊಳ್ಳುತ್ತಾರೆ. ಲೈನ್ ಇರುವಷ್ಟು ಹೊತ್ತು ಇನ್ವರ್ಟರ್ ಅದೇ ಕರೆಂಟನ್ನು ಹಾಗೆಯೇ ಮುಂದಕ್ಕೆ ದಾಟಿಸುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಒಂದು ಸಣ್ಣ ಸ್ವಿಚ್ ಇದೆ. ಸಾಮಾನ್ಯ ಮೋಡ್‌ನಲ್ಲಿ ಅದು ಸುಮಾರು 100ರಿಂದ 290 ವೋಲ್ಟ್‌ವರೆಗೂ ಲೈನನ್ನೇ ಒಪ್ಪಿಕೊಳ್ಳುತ್ತದೆ. ಯುಪಿಎಸ್ ಮೋಡ್‌ಗೆ ಹಾಕಿದರೆ ಸುಮಾರು 180ರಿಂದ 260ರ ಆಚೆ ಹೋದ ಕೂಡಲೇ ಬ್ಯಾಟರಿಗೆ ಬದಲಾಗುತ್ತದೆ, ಬದಲಾವಣೆಯೂ ಬೇಗ. ಟಿವಿ, ಕಂಪ್ಯೂಟರ್ ಇನ್ವರ್ಟರ್ ಲೈನಿನಲ್ಲಿದ್ದರೆ ಯುಪಿಎಸ್ ಮೋಡೇ ಸರಿ. ಮೂರು ವರ್ಷದ ಹಿಂದೆ ಕೂರಿಸಿ ಹೋದವನು ಯಾವುದರಲ್ಲಿ ಬಿಟ್ಟಿದ್ದಾನೋ ಅದೇ ಇರುವ ಮನೆಗಳೇ ಹೆಚ್ಚು. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಫ್ಯಾನ್ ಗುಂಯ್‌ಗುಡುತ್ತದೆ, ಮೋಟಾರುಗಳು ಬಿಸಿಯಾಗುತ್ತವೆ. ಹೊಸದು ಕೊಳ್ಳುವವರು ಸೈನ್ ವೇವ್ ನೋಡುವುದು ಒಳ್ಳೆಯದು.

ಜನರೇಟರ್ ಬಳಸುವವರಿಗೆ ಒಂದು ಮಾತು. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಅದನ್ನು ಮನೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ಕರೆಂಟ್ ಹಿಂದಕ್ಕೆ ಬೀದಿಯ ಲೈನಿಗೆ ಹರಿಯುತ್ತದೆ. ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಪ್ರಾಣ ಹೋಗುತ್ತದೆ.

ಬಾಡಿಗೆ ಮನೆಯಲ್ಲಿರುವವರು, ಬೀಗ ಹಾಕಿದ ಊರ ಮನೆ

ಪುಣೆ, ಹೈದರಾಬಾದ್‌ನಲ್ಲಿ ಬಾಡಿಗೆಗಿರುವವರು ಡಿಬಿ ಬಾಕ್ಸ್ ಬಿಚ್ಚಲು ಮಾಲೀಕರ ಒಪ್ಪಿಗೆ ಬೇಕು. ಸಿಗದಿದ್ದರೆ ಸಾಕೆಟ್ಟಿಗೇ ಸಿಕ್ಕಿಸುವ ವೋಲ್ಟೇಜ್ ಪ್ರೊಟೆಕ್ಟರ್‌ಗಳಿವೆ, ಫ್ರಿಜ್ಜಿಗೊಂದು, ಟಿವಿಗೊಂದು ಸಾಕು. ಮನೆ ಬದಲಿಸುವಾಗ ಕಿತ್ತುಕೊಂಡು ಹೋಗಬಹುದು. ವೋಲ್ಟೇಜ್ ತೋರಿಸುವ ಪುಟ್ಟ ಡಿಜಿಟಲ್ ಮೀಟರನ್ನು ಸಾಕೆಟ್ಟಿಗೆ ಸಿಕ್ಕಿಸಿ ಒಂದು ವಾರ ಬೆಳಗ್ಗೆ, ಸಂಜೆ, ನಡುರಾತ್ರಿ ನೋಡಿದರೆ ಆ ಮನೆಗೆ ಸ್ಟೆಬಿಲೈಜರ್ ಬೇಕೋ ಬೇಡವೋ ಅಂಗಡಿಯವನನ್ನು ಕೇಳಬೇಕಾಗಿಲ್ಲ.

ನಗರದಲ್ಲಿ ದುಡಿಯುವ ಮಕ್ಕಳು ಮಲೆನಾಡಿನ, ಕರಾವಳಿಯ ಮನೆಗೆ ಫ್ರಿಜ್, ಇನ್ವರ್ಟರ್, ವೈಫೈ ಎಲ್ಲ ಕೊಡಿಸಿರುತ್ತಾರೆ. ಅಲ್ಲಿಯ ಸಮಸ್ಯೆ ಬೇರೆ. ಟ್ರಾನ್ಸ್‌ಫಾರ್ಮರ್ ದೂರ, ತೋಟದ ಪಂಪ್ ಶುರುವಾದರೆ ದೀಪ ಮಂಕು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯ ಜೊತೆ ಸಿಡಿಲು ಬೇರೆ. ಕರೆಂಟ್ ಕಡಿತಕ್ಕೆ ಸ್ವಿಚ್ ಆಫ್ ಸಾಕು, ಸಿಡಿಲಿಗೆ ಸಾಲದು. ಸ್ವಿಚ್ಚಿನೊಳಗಿನ ಕೆಲವು ಮಿಲಿಮೀಟರ್ ಸಂದನ್ನು ಸಿಡಿಲು ಲೆಕ್ಕಕ್ಕಿಡುವುದಿಲ್ಲ, ಪ್ಲಗ್ಗನ್ನೇ ಕೀಳಬೇಕು. ಡಿಶ್ ಕೇಬಲ್, ಟೆಲಿಫೋನ್ ತಂತಿ, ರೂಟರಿಗೆ ಬರುವ ತಾಮ್ರದ ಲ್ಯಾನ್ ಕೇಬಲ್ ಕೂಡ ಸಿಡಿಲಿಗೆ ದಾರಿಯೇ. ಪ್ಲಗ್ ಕಿತ್ತು ಡಿಶ್ ವಯರ್ ಬಿಟ್ಟರೆ ಟಿವಿ ಉಳಿಯುವುದಿಲ್ಲ. ಇದೆಲ್ಲ ಮೋಡ ಕಟ್ಟುವಾಗಲೇ ಆಗಬೇಕು. ತಲೆ ಮೇಲೆ ಗುಡುಗುವಾಗ ಪ್ಲಗ್, ವಯರ್ ಮುಟ್ಟುವಂತಿಲ್ಲ. ವಯಸ್ಸಾದ ಅಪ್ಪ ಅಮ್ಮ ಸ್ಟೂಲು ಹತ್ತಿ ಪ್ಲಗ್ ಕೀಳುವಂತಿದ್ದರೆ ಮೊದಲು ಸಾಕೆಟ್ ಕೈಗೆಟಕುವ ಎತ್ತರಕ್ಕೆ ಬರಲಿ.

ನೀರು ನುಗ್ಗಿದ ಮನೆಯಲ್ಲಿ

2015ರ ಮತ್ತು 2023ರ ಡಿಸೆಂಬರಿನ ಚೆನ್ನೈ ಪ್ರವಾಹದಂಥ ಹೊತ್ತಿನಲ್ಲಿ ಲೆಕ್ಕವೇ ಬೇರೆ. ನೀರು ಏರುವ ಮೊದಲೇ ಮೇನ್ ಆಫ್ ಮಾಡಬೇಕು. ನೀರಿನಲ್ಲಿ ನಿಂತು ಸ್ವಿಚ್ ಮುಟ್ಟಬಾರದು. ನೀರು ಇಳಿದ ಮೇಲೆ ಒದ್ದೆಯಾದ ಫ್ರಿಜ್, ವಾಷಿಂಗ್ ಮಷಿನ್ ಓಡುತ್ತದೋ ನೋಡೋಣ ಎಂದು ಆನ್ ಮಾಡುವ ಆತುರ ಅವನ್ನು ಪೂರ್ತಿ ಕೊಲ್ಲುತ್ತದೆ, ಮನುಷ್ಯರನ್ನೂ ಕೊಲ್ಲಬಹುದು. ಹೊರಗೆ ಒಣಗಿದಂತೆ ಕಂಡರೂ ಒಳಗೆ ಕೆಸರು ಉಳಿದಿರುತ್ತದೆ. ಎಲೆಕ್ಟ್ರಿಷಿಯನ್ ಮೆಗ್ಗರ್ ಹಿಡಿದು ವೈರಿಂಗ್ ಪರೀಕ್ಷಿಸಿದ ಮೇಲೆಯೇ ಮೇನ್ ಆನ್ ಮಾಡಬೇಕು.

ಸುಟ್ಟ ಮೇಲೆ ಯಾರನ್ನು ಕೇಳಬೇಕು?

ಹಲವು ರಾಜ್ಯಗಳಲ್ಲಿ ವಿದ್ಯುತ್ ದೂರಿಗೆ 1912 ಸಂಖ್ಯೆ ಇದೆ. ಕರೆ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಮುಂದಿನದೆಲ್ಲ ನಿಲ್ಲುವುದು ಅದರ ಮೇಲೆ. ಒಂದೇ ಹೊತ್ತಿಗೆ ಕಟ್ಟಡದ ಹಲವು ಮನೆಗಳಲ್ಲಿ ಹಾನಿಯಾಗಿದ್ದರೆ ಎಲ್ಲರೂ ಸೇರಿ ಲಿಖಿತ ದೂರು ಕೊಡುವುದು ಒಳ್ಳೆಯದು. ದೋಷ ಲೈನಿನದು, ಮನೆಯೊಳಗಿನದಲ್ಲ ಎಂಬುದಕ್ಕೆ ಅದೇ ಬಲವಾದ ಸಾಕ್ಷಿ. ಸುಟ್ಟ ಬೋರ್ಡಿನ ಫೋಟೋ, ಸರ್ವಿಸ್ ಸೆಂಟರ್ ಬರೆದುಕೊಟ್ಟ ಕಾರಣ, ಖರೀದಿ ಬಿಲ್ ಜೊತೆಗಿರಲಿ.

2003ರ ವಿದ್ಯುತ್ ಕಾಯ್ದೆಯಂತೆ ಪ್ರತಿ ವಿತರಣಾ ಕಂಪನಿಗೂ ಗ್ರಾಹಕರ ಕುಂದುಕೊರತೆ ವೇದಿಕೆ ಇರಬೇಕು, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್. 2020ರ ಡಿಸೆಂಬರ್ 31ರಂದು ಕೇಂದ್ರ ಸರ್ಕಾರ ಹೊರಡಿಸಿದ ಗ್ರಾಹಕರ ಹಕ್ಕುಗಳ ನಿಯಮಗಳಲ್ಲಿ ವೋಲ್ಟೇಜ್ ದೂರನ್ನು ನಿಗದಿತ ಅವಧಿಯಲ್ಲಿ ಪರಿಹರಿಸದಿದ್ದರೆ ಪರಿಹಾರ ನೀಡಬೇಕೆಂಬ ಅಂಶವಿದೆ. ಅವಧಿ ಎಷ್ಟು, ಮೊತ್ತ ಎಷ್ಟು ಎಂಬುದನ್ನು ಆಯಾ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ನಿಗದಿಪಡಿಸುತ್ತದೆ. ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವಿದ್ಯುತ್ ಪೂರೈಕೆಯೂ ಒಂದು ಸೇವೆ.

ದೂರು ಕೊಡುವ ಜೊತೆಗೆ ರಿಪೇರಿಯವನ ಮಾತನ್ನೂ ಸ್ವಲ್ಪ ಪರೀಕ್ಷಿಸಬೇಕು. ಹೆಚ್ಚು ವೋಲ್ಟೇಜ್ ಬಂದಾಗ ಎಷ್ಟೋ ಟಿವಿಗಳಲ್ಲಿ ಹೋಗುವುದು ಪವರ್ ಸಪ್ಲೈ ಬೋರ್ಡಿನ ಬಾಗಿಲಲ್ಲೇ ಇರುವ ಎಂಒವಿ ಮತ್ತು ಫ್ಯೂಸ್. ಅಲ್ಲಿಗೇ ನಿಂತಿದ್ದರೆ ರಿಪೇರಿ ಸಣ್ಣದು. ಇಡೀ ಬೋರ್ಡ್ ಬದಲಿಸಬೇಕು ಎಂದರೆ ಸುಟ್ಟ ಭಾಗ ಯಾವುದೆಂದು ತೋರಿಸಲು ಹೇಳಿ, ಹಳೆಯ ಬೋರ್ಡನ್ನು ವಾಪಸ್ ಕೇಳಿ. ದೂರಿನ ಜೊತೆ ಇಡಲು ಅದು ಹೇಗೂ ಬೇಕಾಗುತ್ತದೆ.